ಯಾರ ಕಾಲು ತೊಳೆಯಬೇಕು?

ಪವಿತ್ರ ಗುರುವಾರದ ಸಂಜೆ ಕ್ಯಾಥೊಲಿಕ್ ಚರ್ಚುಗಳಲ್ಲಿ ಪಾದ್ರಿಗಳು ಸಾಮಾನ್ಯವಾಗಿ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಅದರ ಮೂಲ ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿದೆ. ಊಟದ ನಡುವೆ ಎದ್ದ ಯೇಸು ಮೇಲುಡುಪು ತೆಗೆದಿಟ್ಟು, ಸೊಂಟಕ್ಕೆ ವಸ್ತ್ರ ಸುತ್ತಿ, ಬೋಗುಣಿಗೆ ನೀರು ಸುರಿದು, ಶಿಷ್ಯರ ಕಾಲು ತೊಳೆದು ಒರೆಸುತ್ತಾನೆ. ಆ ಕಾಲದಲ್ಲಿ ಅದು ಆಳುಮಕ್ಕಳ ಕೆಲಸ. ಅದಕ್ಕೇ ಪೇತ್ರ ಮೊದಲು ಒಪ್ಪುವುದಿಲ್ಲ. ಅವನ ಮುಜುಗರ ನನಗೆ ಬಹಳ ಮುಖ್ಯವೆನಿಸುತ್ತದೆ. ಗುರು ಕೆಳಗೆ ಕೂತರೆ ಶಿಷ್ಯರ ನಡುವಿನ ಮೇಲುಕೀಳೂ ಉಳಿಯುವುದಿಲ್ಲ. ಇಂದಿನ ವಿಧಿಯಲ್ಲಿ ಆ ಮುಜುಗರವೇ ಇಲ್ಲ. ಮನೆಯಲ್ಲೇ ತೊಳೆದುಕೊಂಡು ಬಂದ ಕಾಲಿಗೆ ನಾಲ್ಕು ಹನಿ ನೀರು ಬೀಳುತ್ತದೆ, ಅಷ್ಟೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹೆಣ್ಣುಮಕ್ಕಳ, ಮುಸ್ಲಿಮರ ಕಾಲನ್ನೂ ತೊಳೆದಾಗ ಜಗತ್ತು ಬೆರಗಾದದ್ದು, ಆ ಹಳೆಯ ಮುಜುಗರ ಮತ್ತೆ ಕಂಡದ್ದರಿಂದ.

ರಾಯಚೂರು ಸೀಮೆಗೆ ಮೇಲುಕೀಳು ಅಳಿಸುವ ಈ ಮಾತು ಹೊರಗಿನದೇನಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದಲೂ ಕ್ರೈಸ್ತರಿದ್ದಾರೆ. ಮೊಘಲರು, ನಿಜಾಮರು ಬಂದು ಹೋದರೂ ಅವರು ಅಲ್ಲೇ ಉಳಿದರು. ಅದಕ್ಕೂ ಬಹಳ ಹಿಂದೆ, ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ ಶಾಸನ, ಧರ್ಮದ ಫಲ ದೊಡ್ಡವರಿಗಷ್ಟೇ ಮೀಸಲೆಂದು ತಿಳಿಯಬೇಡಿ, ಸಣ್ಣವರಿಗೂ ಅದು ದಕ್ಕುತ್ತದೆ ಎಂಬ ಅರ್ಥದಲ್ಲಿ ಸಾರಿತ್ತು. 1915ರಲ್ಲಿ ಬೆಳಕಿಗೆ ಬಂದ ಆ ಶಾಸನವನ್ನು ನಾವು ಅಶೋಕನ ಹೆಸರಿಗಾಗಿ ನೆನೆಯುತ್ತೇವೆ. ಈ ಮಾತಿಗಾಗಿಯೂ ನೆನೆಯಬೇಕು. ಸಣ್ಣವರೂ ಮೇಲೇರಬಲ್ಲರು ಎಂದು ಅರಸ ಹೇಳಿದ. ಸುವಾರ್ತೆ ಅದಕ್ಕಿಂತ ಕಷ್ಟದ್ದನ್ನು ಕೇಳುತ್ತದೆ: ದೊಡ್ಡವನು ಕೆಳಗಿಳಿದು ಬರಲಿ.

ಇಲ್ಲಿಯೇ ಗಟ್ಟಿ ಆಕ್ಷೇಪವೊಂದು ಏಳುತ್ತದೆ. ಈ ಭಾಗದ ಕ್ರೈಸ್ತರಲ್ಲಿ ಬಹಳಷ್ಟು ಮಂದಿ ದಲಿತ ಮೂಲದವರು. ತಲೆಮಾರುಗಳಿಂದ ಬಾಗಿಸಿಯೇ ಇಟ್ಟ ಬೆನ್ನಿಗೆ ಇನ್ನೂ ಬಾಗೆಂದು ಬೋಧಿಸುವುದು ಯಾವ ನ್ಯಾಯ? ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅಂದು ಬಾಗಿದವನು ಗುರು. ಬಾಗುವ ಮೊದಲು ಅವನಿಗೆ ತನ್ನ ಹಿರಿಮೆ ಗೊತ್ತಿತ್ತು ಎಂದೇ ಸುವಾರ್ತೆ ಹೇಳುತ್ತದೆ. ತಗ್ಗುವ ಪಾಠ ಮೊದಲು ಸಲ್ಲಬೇಕಾದದ್ದು ಅಧಿಕಾರ, ಆಸ್ತಿ, ವೇದಿಕೆ ಇರುವವರಿಗೆ. ಕೂಲಿ ಕೇಳುವವನಿಗೆ ಸುಮ್ಮನಿರೆಂದು ಹೇಳುವ ಬೋಧನೆಗೆ ಕ್ರಿಸ್ತನ ಹೆಸರು ಹಚ್ಚುವುದು ತಪ್ಪು.

ಸಿಂಧನೂರಿನ ಕಡೆ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟೊಡನೆ ಗದ್ದೆಗಳಲ್ಲಿ ನಾಟಿ ಶುರುವಾಗುತ್ತದೆ. ಹೆಣ್ಣಾಳುಗಳು ಬೆಳಗಿನಿಂದ ಸಂಜೆಯವರೆಗೆ ಬಗ್ಗಿ, ಮೊಣಕಾಲುದ್ದ ಕೆಸರಿನಲ್ಲಿ ಹಿಂದೆ ಹಿಂದೆ ಸರಿಯುತ್ತ ಸಸಿ ಊರುತ್ತಾರೆ. ಬೆರಳ ಸಂದಿ ಬೆಳ್ಳಗೆ ನೆನೆದು ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ. ತೊಳೆಯಬೇಕಾದ ಕಾಲುಗಳು ಇವು. ತೊಳೆಯುವುದೆಂದರೆ ಆ ಕಾಲಿಗೆ ಮದ್ದು, ಸರಿಯಾದ ಕೂಲಿ, ಹೊಲದ ಬದುವಿನಲ್ಲಿ ಕುಡಿಯುವ ನೀರು, ಗುಳೆ ಹೋದ ಮನೆಯ ಮಕ್ಕಳಿಗೆ ಶಾಲೆ. ಇವನ್ನು ಕೊಡುವಾಗ ಕ್ಯಾಮೆರಾ ಮುಂದೆ ಕೈಚಾಚಿಸಿದರೆ ಪಡೆದವರ ಮಾನವನ್ನು ನಾವೇ ಕಸಿದಂತೆ. ಫೋಟೊ ಇಲ್ಲದಿದ್ದರೆ ದಾನಿಗಳು ಬರುವುದಿಲ್ಲ ಎನ್ನುವ ಸಂಸ್ಥೆಗಳ ಕಷ್ಟ ನಿಜ. ಆದರೆ ಲೆಕ್ಕಪತ್ರವನ್ನು ತೋರಿಸಬಹುದಲ್ಲ, ಮುಖಗಳನ್ನೇಕೆ ತೋರಿಸಬೇಕು?

ಸೇವೆ ಮತಾಂತರದ ಗಾಳವೆಂಬ ಅನುಮಾನಕ್ಕೂ ಉತ್ತರ ಕೊಡಬೇಕು. 2022ರಲ್ಲಿ ಕರ್ನಾಟಕ ಅಂಥ ಮತಾಂತರ ತಡೆಯಲೆಂದು ಕಾಯ್ದೆಯನ್ನೇ ತಂದಿತು. ಕಾಯ್ದೆಯನ್ನು ನಾನು ಒಪ್ಪುವುದಿಲ್ಲ. ಆದರೂ ಷರತ್ತಿಟ್ಟು ಕೊಟ್ಟ ಔಷಧಿ ಸೇವೆಯಲ್ಲ, ವ್ಯಾಪಾರ ಎಂಬುದನ್ನು ಕ್ರೈಸ್ತರೇ ಮೊದಲು ಹೇಳಬೇಕು. ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನು ಅವನ ಮತ ಕೇಳಲಿಲ್ಲ, ಛತ್ರದವನಿಗೆ ಹಣ ಕೊಟ್ಟು ತನ್ನ ದಾರಿ ಹಿಡಿದ.

ಇನ್ನುಳಿದದ್ದು ಕ್ರೈಸ್ತ ಸಭೆಯ ಒಳಗಿನ ಮಾತು. ದಲಿತ ಕ್ರೈಸ್ತರಿಗೆ 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನ ಕೊಡಲಿಲ್ಲ. ಅದರ ವ್ಯಾಜ್ಯ ಕೋರ್ಟಿನಲ್ಲಿದೆ. ಆದರೆ ಚರ್ಚಿನ ಸಮಿತಿಯಲ್ಲಿ ಯಾರು ಕೂರಬೇಕು, ಹಬ್ಬದೂಟದಲ್ಲಿ ಯಾರು ಬಡಿಸಬೇಕು, ಯಾರ ಮನೆಯ ಹೆಣ್ಣನ್ನು ಯಾರು ತರಬೇಕು ಎಂಬುದಕ್ಕೆ ಯಾವ ಕೋರ್ಟಿನ ತೀರ್ಪೂ ಬೇಕಿಲ್ಲ. ಅದನ್ನು ಮುಂದಿನ ಪವಿತ್ರ ಗುರುವಾರದೊಳಗೇ ತೀರ್ಮಾನಿಸಬಹುದು.