ಮರ ತಾನಾಗಿ ಬೆಳೆಯುವುದಿಲ್ಲ

ಪರದೆ ಕಪ್ಪಗಿದೆ. ಕಂಪ್ಯೂಟರಿನಲ್ಲಿ ಎಳೆದ ಹಾಗೆ ಹಸಿರು ಗೆರೆಗಳು ಓಡಾಡುತ್ತವೆ. ನೋಡನೋಡುತ್ತ ಒಂದು ದೊಡ್ಡ ಮರ ಎದ್ದು ನಿಲ್ಲುತ್ತದೆ. ಜೊತೆಗೊಂದು ಹೆಸರು: ದಿ ಲ್ಯಾಡ್ ಕಂಪನಿ. ಅಷ್ಟೇ. ಕೆಲವು ಸೆಕೆಂಡುಗಳ ಆಟ. ಬೀಜ ಹಾಕಿದವರಿಲ್ಲ, ಪಾತಿ ತೋಡಿದವರಿಲ್ಲ, ನೀರು ಹೊತ್ತವರಿಲ್ಲ. ಮರ ತಾನಾಗಿ ಹುಟ್ಟಿತು, ತಾನಾಗಿ ಬೆಳೆಯಿತು, ಒಡೆಯನ ಹೆಸರು ತಾನಾಗಿ ಹಣ್ಣಾಯಿತು!

1982ರ ‘ಬ್ಲೇಡ್ ರನ್ನರ್’ ಸಿನಿಮಾ ಶುರುವಾಗುವುದು ಹೀಗೆ. ಹಾಸ್ಟೆಲಿನಲ್ಲಿ ಒಂದೇ ಲ್ಯಾಪ್‌ಟಾಪಿನ ಮುಂದೆ ಆರು ಜನ ಕೂತು ನೋಡಿದೆವು. “ಎಷ್ಟು ಚೆನ್ನಾಗಿದೆ ಅಲ್ವೇನೋ, ಈಗಿನೋರಿಗೆ ಇಂಥದ್ದು ಬರಲ್ಲ ಬಿಡು” ಅಂದ ಒಬ್ಬ ಗೆಳೆಯ. ಸಿನಿಮಾ ರಸಿಕರ ಧಾಟಿಯೂ ಇದೇ. ಬೇಗ ಕಣ್ಮುಚ್ಚಿದ ಕಂಪನಿ, ಎಂಥಾ ಲಾಂಛನ, ಎಂಥಾ ಕಲೆ ಅಂತ ನಿಟ್ಟುಸಿರು ಬಿಡುತ್ತಾರೆ. ನನಗೂ ಚೆಂದ ಕಂಡಿತು, ಸುಳ್ಳು ಯಾಕೆ ಹೇಳಲಿ? ಆದರೆ ಚೆಂದ ಕಂಡದ್ದಕ್ಕೆಲ್ಲ ಕೈ ಮುಗಿಯುವ ಜನ ನಾವಲ್ಲ. ಗುಡಿಯ ಗೋಪುರವೂ ಚೆಂದವೇ. ನಮ್ಮ ಹಿರೀಕರು ಅದನ್ನು ನೋಡಿದ್ದು ಹೊರಗೆ ನಿಂತು.

ಈ ಮರದ ಕತೆ ಕೇಳಿ. 1979ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿ ಬಿಟ್ಟು ಬಂದವರು ಮೂವರು. ಅಲನ್ ಲ್ಯಾಡ್ ಜೂನಿಯರ್, ಜೇ ಕ್ಯಾಂಟರ್, ಗ್ಯಾರೆತ್ ವಿಗನ್. ಕಟ್ಟಿದವರು ಮೂವರು, ಮರಕ್ಕೆ ಹೆಸರು ಒಬ್ಬನದು. ದುಡ್ಡು ವಾರ್ನರ್ ಕಂಪನಿಯದು, ಸಿನಿಮಾ ಹಂಚುವುದೂ ವಾರ್ನರ್. ಅಂದರೆ ಮರ ನಿಂತಿದ್ದು ಬೇರೆಯವರ ಜಮೀನಿನಲ್ಲಿ. ‘ಚಾರಿಯಟ್ಸ್ ಆಫ್ ಫೈರ್’ ತಯಾರಾದದ್ದು ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಬಿಡುಗಡೆಯಾದದ್ದು ಈ ಕಂಪನಿಯ ಹೆಸರಿನಲ್ಲಿ. ಅದು 1981ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆಯಿತು. 1983ರ ‘ದಿ ರೈಟ್ ಸ್ಟಫ್’ ನಾಲ್ಕು ಆಸ್ಕರ್ ಗೆದ್ದರೂ ಹಾಕಿದ ದುಡ್ಡು ಹುಟ್ಟಲಿಲ್ಲ. 1984ಕ್ಕೆ ವಾರ್ನರ್ ನಂಟು ಮುರಿಯಿತು. ಐದು ವರ್ಷಕ್ಕೆ ಮರ ಬಿತ್ತು. ಮುಂದೆ ಲ್ಯಾಡ್ ಅದೇ ಹೆಸರನ್ನು ಮತ್ತೆ ಎತ್ತಿ ನಿಲ್ಲಿಸಿದ. 1995ರ ‘ಬ್ರೇವ್‌ಹಾರ್ಟ್’ನಲ್ಲಿ ಆ ಹೆಸರಿದೆ. ನೋಡಿ, ಕಂಪನಿ ಸತ್ತರೂ ಒಡೆಯನ ಹೆಸರಿಗೆ ಸಾವಿಲ್ಲ.

ಹೆಸರಿಗೆ ಸಾವು ಬರುವುದು ಯಾರಿಗೆ? ಈ ಪ್ರಶ್ನೆಗೆ ಉತ್ತರ ಅದೇ ‘ಬ್ಲೇಡ್ ರನ್ನರ್’ ಕತೆಯೊಳಗೇ ಇದೆ. ಅಲ್ಲಿ ರೆಪ್ಲಿಕೆಂಟ್ ಎಂಬ ಮನುಷ್ಯರನ್ನು ಕಾರ್ಖಾನೆಯಲ್ಲಿ ತಯಾರು ಮಾಡುತ್ತಾರೆ. ಬೇರೆ ಗ್ರಹಗಳಲ್ಲಿ ಜೀತಕ್ಕೆ ಹಚ್ಚುತ್ತಾರೆ. ಅವರು ಭೂಮಿಗೆ ಕಾಲಿಡುವ ಹಾಗಿಲ್ಲ, ಇಟ್ಟರೆ ಕೊಲೆ. ಆ ಕೊಲೆಗೆ ಕೊಲೆ ಅನ್ನುವುದಿಲ್ಲ, ‘ನಿವೃತ್ತಿ’ ಅನ್ನುತ್ತಾರೆ! ಊರೊಳಗೆ ಬರಬಾರದು, ಬಂದರೆ ಹೊಡೆಯಬಹುದು, ಹೊಡೆದದ್ದಕ್ಕೆ ಒಂದು ಶುದ್ಧವಾದ ಹೆಸರು ಇಡಬಹುದು. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕೇರಿಯ ಹುಡುಗರಿಗೆ ಸಬ್‌ಟೈಟಲ್ ಬೇಕಾಗಲಿಲ್ಲ. ಅವರಿಗೆ ಕೊಟ್ಟ ಆಯಸ್ಸು ನಾಲ್ಕು ವರ್ಷ. ಅವರ ಕಣ್ಣು ಮಾಡುವವನು ಛೂ ಎಂಬ ಮುದುಕ, ಹಿಮಗಟ್ಟಿದ ಕೋಣೆಯಲ್ಲಿ ಒಬ್ಬನೇ ನಡುಗುತ್ತ ದುಡಿಯುತ್ತಾನೆ. ಆದರೆ ಮಾಲಿನ ಮೇಲಿನ ಹೆಸರು ಟೈರೆಲ್ ಎಂಬ ಒಡೆಯನದು. ಅವನು ಇರುವುದು ಪಿರಮಿಡ್ಡಿನಂಥ ಮಹಲಿನಲ್ಲಿ.

ಇಂಥ ಕತೆಯ ಬಾಗಿಲಿಗೇ ಕಂಪನಿ ತನ್ನ ಮರ ನೆಟ್ಟಿದೆ. ಒಳಗೆ ಒಡೆಯನ ಮೇಲೆ ಬಂಡಾಯ, ಹೊರಗೆ ಒಡೆಯನ ಮೊಹರು. ಆ ಹಸಿರು ಗೆರೆಗಳನ್ನು ಎಳೆದ ಕೈ ಯಾವುದು? ಅವರ ಹೆಸರು ಆ ಮರದ ಕೆಳಗೆ ಇಲ್ಲ. ಲಾಂಛನ ಅನ್ನುವುದು ಮೊದಲು ನುಂಗುವುದು ತನ್ನನ್ನು ಬಿಡಿಸಿದವನ ಹೆಸರನ್ನೇ.

ಇದು ಬರೀ ಮಾತಿನ ಚಮತ್ಕಾರ ಅನ್ನುವವರಿಗೆ ಇನ್ನೊಂದು ಸಂಗತಿ. 1984ರಲ್ಲಿ ಸೆರ್ಜಿಯೋ ಲಿಯೋನೆಯ ‘ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ’ ಬಂತು. ಯುರೋಪಿನಲ್ಲಿ 229 ನಿಮಿಷದ ಸಿನಿಮಾ. ಇದೇ ಕಂಪನಿ ಅಮೆರಿಕಕ್ಕೆ ಅಂತ ಅದನ್ನು 139 ನಿಮಿಷಕ್ಕೆ ಕತ್ತರಿಸಿತು. ತೊಂಬತ್ತು ನಿಮಿಷ ಹೋಯಿತು. ಹಿಂದು ಮುಂದಾಗಿ ಹೆಣೆದಿದ್ದ ಕತೆಯನ್ನು ಬಿಚ್ಚಿ ವರ್ಷಾನುಕ್ರಮದಲ್ಲಿ ಜೋಡಿಸಿದರು. ಈ ಕತ್ತರಿ ಕೆಲಸದಲ್ಲಿ ಟೈಟಲ್ಲಿನಿಂದ ಸಂಗೀತ ಕೊಟ್ಟ ಎನ್ನಿಯೋ ಮೊರಿಕೋನೆಯ ಹೆಸರೇ ಬಿಟ್ಟುಹೋಯಿತು! ಅದರಿಂದಾಗಿ ಆ ಸಂಗೀತ ಆಸ್ಕರ್ ಪರಿಗಣನೆಗೇ ಬರಲಿಲ್ಲ. ಕೈತಪ್ಪು ಅನ್ನುತ್ತಾರೆ. ಇರಬಹುದು. ಆದರೆ ಸ್ವಾಮಿ, ಕೈ ತಪ್ಪಿ ಕಂಪನಿಯ ಹೆಸರು ಬಿಟ್ಟುಹೋದದ್ದನ್ನು ಯಾರಾದರೂ ಕಂಡಿದ್ದೀರಾ? ಜಗತ್ತೇ ಬಲ್ಲ ಮೊರಿಕೋನೆಯ ಗತಿ ಇದಾದರೆ ದೀಪ ಹೊತ್ತವರ, ಬಟ್ಟೆ ಒಗೆದವರ, ಅನ್ನ ಬೇಯಿಸಿದವರ ಗತಿ ಏನು?

ಲ್ಯಾಡ್ ಎಂಬ ಮನುಷ್ಯನ ಮೇಲೆ ನನಗೆ ಹಗೆ ಇಲ್ಲ. ಫಾಕ್ಸ್‌ನಲ್ಲಿ ಇದ್ದಾಗ 1977ರ ‘ಸ್ಟಾರ್ ವಾರ್ಸ್’ ಬೆನ್ನಿಗೆ ನಿಂತವನು ಅವನು. 2022ರಲ್ಲಿ ತೀರಿಕೊಂಡ. ಆದರೆ ಆ ಹೆಸರಿನ ಬುಡ ಅಗೆದು ನೋಡಿ. ಅವನಪ್ಪ ನಟ ಅಲನ್ ಲ್ಯಾಡ್, 1953ರ ‘ಶೇನ್’ ಚಿತ್ರದ ನಾಯಕ. 1913ರಲ್ಲಿ ಹುಟ್ಟಿದವನು, ನಾಲ್ಕು ವರ್ಷಕ್ಕೆ ಅಪ್ಪನನ್ನು ಕಳೆದುಕೊಂಡವನು, ಬಡತನದಲ್ಲಿ ಬೆಳೆದವನು. ನಟನಾಗುವ ಮೊದಲು ಅವನು ವಾರ್ನರ್ ಸ್ಟುಡಿಯೋದಲ್ಲೇ ಗ್ರಿಪ್ ಆಗಿದ್ದ. ಅಂದರೆ ಸಲಕರಣೆ ಹೊತ್ತು, ಅಟ್ಟಣೆ ಕಟ್ಟುವ ಕೆಲಸ. ಆ ಕಾಲದ ಸಿನಿಮಾಗಳ ಟೈಟಲ್ಲಿನಲ್ಲಿ ಗ್ರಿಪ್‌ಗಳಿಗೆ ಜಾಗ ಇರಲಿಲ್ಲ. ಅಪ್ಪ ಹಲಗೆ ಹೊತ್ತ ಅಂಗಳದಲ್ಲೇ ಮಗನ ಮರ ನಿಂತಿತು! ಆ ಮರದ ಹೆಸರು ಮೂಲದಲ್ಲಿ ಒಬ್ಬ ಕೂಲಿಯವನ ಹೆಸರು. ಪರದೆಯ ಮೇಲೆ ಬರುವ ಹೊತ್ತಿಗೆ ಅದು ಒಡೆಯನ ಹೆಸರಾಗಿ ಬಂತು. ಕೂಲಿಯವನ ಮಗ ಮೇಲಕ್ಕೆ ಏರಿದ, ಸಂತೋಷ. ಏಣಿ ಹಿಡಿದು ನಿಂತ ಉಳಿದ ಕೂಲಿಯವರ ಹೆಸರು ಏರಿತೇ? ಓದಿ ಮೇಲೆ ಬಂದ ನಮ್ಮಂಥವರು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

“ಹಾಗಾದರೆ ಲಾಂಛನದಲ್ಲೇ ದುಡಿಯುವವನನ್ನು ನಿಲ್ಲಿಸಿದರೆ ಆಯಿತಲ್ಲ?” ಅಂತ ಕೇಳಬಹುದು. ನಿಲ್ಲಿಸಿದವರಿದ್ದಾರೆ. ಸೋವಿಯತ್ ದೇಶದ ಮಾಸ್‌ಫಿಲ್ಮ್ ಸ್ಟುಡಿಯೋ ಸುತ್ತಿಗೆ ಹಿಡಿದ ಕಾರ್ಮಿಕ, ಕುಡುಗೋಲು ಹಿಡಿದ ರೈತ ಹೆಣ್ಣು ಇವರ ಪ್ರತಿಮೆಯನ್ನು 1947ರಿಂದ ಲಾಂಛನ ಮಾಡಿಕೊಂಡಿತು. ಅದೇ ಸ್ಟುಡಿಯೋದ ‘ಆಂದ್ರೇ ರುಬ್ಲೆವ್’ 1966ರಲ್ಲಿ ಮುಗಿದರೂ ಆ ದೇಶದ ಜನ ಅದನ್ನು ನೋಡಲು 1971ರವರೆಗೆ ಕಾಯಬೇಕಾಯಿತು. ನಮ್ಮ ಮೆಹಬೂಬ್ ಖಾನರ ಲಾಂಛನದಲ್ಲಿ ಸುತ್ತಿಗೆ ಕುಡುಗೋಲು ಇತ್ತು, ಜೊತೆಗೆ ಎಲ್ಲವೂ ದೇವರಿಚ್ಛೆ ಎನ್ನುವ ದ್ವಿಪದಿಯೂ ಇತ್ತು. ಅತ್ತ ಎಂಜಿಎಂ ಕಂಪನಿ ಗರ್ಜಿಸುವ ಸಿಂಹದ ಸುತ್ತ ಲ್ಯಾಟಿನ್ನಿನಲ್ಲಿ ‘ಕಲೆಗಾಗಿ ಕಲೆ’ ಎಂದು ಬರೆಸಿಕೊಂಡಿದೆ. ಕಲೆಗಾಗಿ ಅಂತೆ! ಚಿತ್ರ ಯಾವುದೇ ಇರಲಿ, ಮರವೋ ಸಿಂಹವೋ ಕುಡುಗೋಲೋ, ಹೆಸರು ಬರೆಯುವ ಅಧಿಕಾರ ಯಾರ ಕೈಲಿದೆ ಎಂಬುದೇ ಪ್ರಶ್ನೆ.

ನನಗ್ಯಾಕೆ ಇಷ್ಟು ಹಠ ಅಂತೀರಾ? ನಮ್ಮೂರ ಶಾಲೆ ಕಟ್ಟುವಾಗ ನಮ್ಮವ್ವ ಬಸುರಿ ಹೊಟ್ಟೆಯಲ್ಲಿ ಗಾರೆ ಬಾಂಡ್ಲಿ ಹೊತ್ತಳು. ಅದೇ ಶಾಲೆಗೆ ನಾನು ಸೇರಿದೆ. ಅಕ್ಷರ ಕೂಡಿಸಿ ಓದಲು ಕಲಿತ ಮೇಲೆ ನಾನು ಮೊದಲು ಓದಿದ್ದು ಗೋಡೆಗೆ ಮೆತ್ತಿದ ಕಲ್ಲನ್ನು. ಅದರಲ್ಲಿ ಯಾರೋ ದೊಡ್ಡವರ ಹೆಸರಿತ್ತು. ಮನೆಗೆ ಓಡಿ ಬಂದು “ಅವ್ವಾ, ಸ್ಕೂಲು ಕಟ್ಟಿದ್ದು ಅವರಂತೆ” ಅಂದೆ. ಅವ್ವ ಒಲೆ ಊದುತ್ತಾ “ಹೂಂ ಕಣಪ್ಪ, ಇರಬೌದು” ಅಂದಳು. ಆ ‘ಇರಬೌದು’ ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ. ಓದಲು ಬಾರದ ಅವಳಿಗೆ ಆ ಸುಳ್ಳನ್ನು ಓದಿ ಹೇಳಿದವನು ನಾನೇ.

ಈಗ ಫೋನಿನಲ್ಲಿ ಸಿನಿಮಾ ನೋಡುವವರು ಗಮನಿಸಿ. ಮೊದಲಿಗೆ ಕಂಪನಿಯ ಲಾಂಛನ ಪರದೆ ತುಂಬ ಮೆರೆಯುತ್ತದೆ. ಕೊನೆಯಲ್ಲಿ ದುಡಿದವರ ಹೆಸರು ಬರುವಾಗ ಅನೇಕ ಆ್ಯಪ್‌ಗಳು ಅದನ್ನು ಕುಗ್ಗಿಸಿ ಮೂಲೆಗೆ ತಳ್ಳಿ ಮುಂದಿನ ಸಿನಿಮಾ ಮಾರಲು ನಿಲ್ಲುತ್ತವೆ. ಥಿಯೇಟರಿನಲ್ಲಾದರೆ ದೀಪ ಹತ್ತುತ್ತದೆ, ನಾವೇ ಚಪ್ಪಲಿ ಹುಡುಕುತ್ತಾ ಎದ್ದು ನಡೆಯುತ್ತೇವೆ. ಒಡೆಯ ನಮ್ಮನ್ನು ಪಳಗಿಸಿದ್ದಾನೆ. ಅವನ ಹೆಸರಿಗೆ ಮೌನ, ನಮ್ಮವರ ಹೆಸರಿಗೆ ಗದ್ದಲ.

ಆದ್ದರಿಂದ ಗೆಳೆಯರೇ, ಮೊದಲು ನಮ್ಮ ಮನೆಯಿಂದಲೇ ಶುರು ಮಾಡೋಣ. ನಾವು ಬೀದಿನಾಟಕ ಆಡುತ್ತೇವೆ, ಪತ್ರಿಕೆ ತರುತ್ತೇವೆ, ಈಗ ಫೋನಿನಲ್ಲೇ ಕಿರುಚಿತ್ರವನ್ನೂ ಮಾಡುತ್ತೇವೆ. ಅಲ್ಲಿಯೂ ಕವಿಯ ಹೆಸರು ದಪ್ಪ ಅಕ್ಷರ, ಅಚ್ಚು ಜೋಡಿಸಿದವರ ಹೆಸರು ಸಣ್ಣಕ್ಷರ, ತಮಟೆ ಬಡಿದವನ ಹೆಸರು ಇಲ್ಲವೇ ಇಲ್ಲ. ಇದಕ್ಕಿಂತ ನಾಚಿಕೆಗೇಡು ಬೇರೆ ಉಂಟೇ? ಮುಂದಿನ ನಾಟಕದಲ್ಲಿ ತಮಟೆಯವನ ಹೆಸರು ಮೊದಲು ಕೂಗಿ. ಮೇಷ್ಟ್ರೇ, ನಿಮ್ಮ ಶಾಲೆಯ ಕಲ್ಲಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಒಂದೇ ಒಂದು ಪ್ರಶ್ನೆ ಕೇಳಿ: ಇಟ್ಟಿಗೆ ಹೊತ್ತವರು ಯಾರು? ಮಕ್ಕಳು ಮನೆಗೆ ಹೋಗಿ ಕೇಳಿಕೊಂಡು ಬರಲಿ. ಆ ಹೆಸರುಗಳನ್ನು ಕಪ್ಪು ಹಲಗೆಯ ಮೇಲೆ ಬರೆಸಿ.

ಮತ್ತೆ ಸಿನಿಮಾ ನೋಡುವಾಗ, ಕತೆ ಮುಗಿದು ಹೆಸರುಗಳು ಮೇಲಕ್ಕೆ ಹರಿಯತೊಡಗಿದಾಗ, ಎದ್ದು ಹೋಗಬೇಡಿ. ಕೂತು ಓದಿ. ಕೊನೆಯ ಹೆಸರಿನವರೆಗೂ ಓದಿ.