ತೆಂತುಕ್ ಸವಿಯುವ ಬಗೆ

ಊಟಕ್ಕೂ ಸಹೃದಯತೆ ಬೇಕು. ಕಾವ್ಯವನ್ನು ಅದರ ಧರ್ಮವನ್ನರಿತು ಓದಬೇಕೆಂದು ವಿದ್ಯಾರ್ಥಿಗಳಿಗೆ ಬೋಧಿಸುವ ನಾವೇ, ಪರರ ಅಡಿಗೆಯ ಮುಂದೆ ಕುಳಿತೊಡನೆ ನಮ್ಮ ಮನೆಯ ಸಾರಿನ ಅಳತೆಗೋಲನ್ನು ಕೈಗೆತ್ತಿಕೊಳ್ಳುತ್ತೇವೆ. ಹುಳಿಯಿಲ್ಲ, ಖಾರವಿಲ್ಲ, ಒಗ್ಗರಣೆಯಿಲ್ಲ ಎಂಬ ತೀರ್ಪು ಮೊದಲ ಗುಟುಕಿಗೆ ಮುಂಚೆಯೇ ಸಿದ್ಧವಾಗಿರುತ್ತದೆ. ಟಿಬೆಟ್ಟಿನವರ ತೆಂತುಕ್ ಇಂಥ ಅವಸರದ ವಿಮರ್ಶೆಗೆ ಸುಲಭವಾಗಿ ಗುರಿಯಾಗುವ ಅಡಿಗೆ.

‘ತೆನ್’ ಎಂದರೆ ಎಳೆಯುವುದು. ‘ತುಕ್’ ಎಂದರೆ ಹಿಟ್ಟಿನ ಎಳೆಗಳು ಬೆಂದ ಸಾರು. ಗೋದಿಹಿಟ್ಟನ್ನು ನೀರಿನಲ್ಲಿ ಚೆನ್ನಾಗಿ ನಾದಿ, ಎಣ್ಣೆ ಸವರಿ, ಕೆಲಹೊತ್ತು ಹಾಗೆಯೇ ಬಿಡುತ್ತಾರೆ. ಬಳಿಕ ಅದನ್ನು ಪಟ್ಟಿಯಾಗಿ ಎಳೆದು, ಬೆರಳುಗಳಿಂದ ಒತ್ತಿ ತೆಳುಮಾಡಿ, ಸಣ್ಣ ಸಣ್ಣ ತುಣುಕುಗಳಾಗಿ ಕಿತ್ತು, ಕುದಿಯುವ ಸಾರಿಗೆ ನೇರವಾಗಿ ಹಾಕುತ್ತಾರೆ. ಬಿಸಿಲಿನಲ್ಲಿ ಒಣಗಿದ ನಮ್ಮ ಶಾವಿಗೆ ತಿಂಗಳುಗಟ್ಟಲೆ ಕಾಯಬಲ್ಲುದು, ತೆಂತುಕ್ ಕಾಯಲಾರದು. ಸಾರಿನಲ್ಲಿ ಮಾಂಸ, ಮೂಲಂಗಿ, ಸೊಪ್ಪು ಇರುತ್ತವೆ. ಮಾಂಸವೊಲ್ಲದವರಿಗೆ ಬರಿಯ ತರಕಾರಿಯದೂ ಉಂಟು.

ಇದು ಚಳಿನಾಡಿನ ಊಟ, ಆರಿದರೆ ಕೆಟ್ಟಿತು. ಮೊದಲು ಬರಿಯ ಸಾರನ್ನು ಗುಟುಕರಿಸಬೇಕು. ಬೇಯುವ ಹಿಟ್ಟು ಅದಕ್ಕಿತ್ತ ಮಂದತೆಯನ್ನು ನಾಲಗೆ ಗುರುತಿಸಲಿ. ಅನಂತರ ತುಣುಕುಗಳನ್ನು ಅಗಿಯಬೇಕು. ಕೈಯಿಂದ ಕಿತ್ತುದರಿಂದ ಒಂದರಂತೆ ಇನ್ನೊಂದಿಲ್ಲ. ಮೆಣಸಿನಕಾಯಿಯ ಚಟ್ನಿಯನ್ನು ಕೊನೆಗೆ, ಬೇಕೆನಿಸಿದರೆ ಮಾತ್ರ, ಬೆರಸಿಕೊಳ್ಳಬಹುದು. ಆರಂಭದಲ್ಲಿಯೇ ಸುರಿದುಕೊಂಡವನು ತೆಂತುಕ್ಕನ್ನಲ್ಲ, ತನ್ನ ಅಭ್ಯಾಸವನ್ನೇ ಉಂಡು ಏಳುತ್ತಾನೆ.

ಇದು ಕೇವಲ ನಾಲಗೆಯ ಪ್ರಶ್ನೆಯಲ್ಲ. ಬೈಲುಕುಪ್ಪೆಯಲ್ಲಿ 1961ರಲ್ಲಿಯೂ ಮುಂಡಗೋಡಿನಲ್ಲಿ 1966ರಲ್ಲಿಯೂ ಟಿಬೆಟ್ಟಿನ ನಿರಾಶ್ರಿತರು ನೆಲೆಯೂರಿದರು. ಅವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಅವರ ಮಕ್ಕಳಲ್ಲಿ ಹಲವರು ಕನ್ನಡ ಕಲಿತರು. ಅರುವತ್ತು ವರ್ಷಗಳಿಗೂ ಮೀರಿದ ಈ ನೆರೆಹೊರೆಯಲ್ಲಿ ನಾವು ಕಲಿತದ್ದೇನು? ಚಿನ್ನದ ಬುದ್ಧಮೂರ್ತಿಗಳನ್ನು ನೋಡಿ ಮರಳುವ ನಮ್ಮಲ್ಲಿ ಎಷ್ಟು ಮಂದಿಗೆ ಅವರ ಅಡಿಗೆಯ ಹೆಸರಾದರೂ ಗೊತ್ತು? ನೆಲವನ್ನು ಕಳೆದುಕೊಂಡವರು ಕೈಯಲ್ಲಿ ಉಳಿಸಿಕೊಂಡು ತಂದ ವಿದ್ಯೆ ಇದು. ಅದಕ್ಕೆ ನಮ್ಮ ಮಸಾಲೆ ಬೆರಸಿಕೊಡಿರೆಂದು ಕೇಳುವುದು ರುಚಿಯ ಸ್ವಾತಂತ್ರ್ಯವಲ್ಲ, ಆತಿಥ್ಯದ ಲೋಪ.

ಅವರ ಹೊಸವರ್ಷವಾದ ಲೋಸರಿಗೆ ಮುನ್ನ ‘ಗುತುಕ್’ ಎಂಬ ಇನ್ನೊಂದು ಸಾರನ್ನು ಮಾಡುತ್ತಾರೆ. ಅದರಲ್ಲಿ ಒಬ್ಬೊಬ್ಬರಿಗೂ ಒಂದು ಹಿಟ್ಟಿನ ಉಂಡೆ. ಉಂಡೆಯೊಳಗೆ ಒಂದು ಗುಟ್ಟು. ಇದ್ದಿಲು ಸಿಕ್ಕವನದು ಕಪ್ಪು ಹೃದಯ. ಮೆಣಸಿನಕಾಯಿ ಸಿಕ್ಕವನು ವಾಚಾಳಿ ಎಂದು ಮನೆಮಂದಿಯೆಲ್ಲ ನಗುತ್ತಾರೆ. ರುಚಿ ನೋಡುವ ಮೊದಲೇ ತೀರ್ಪು ನುಡಿಯುವ ನಮ್ಮ ಪಾಲಿಗೆ ಬರುವ ಉಂಡೆ ಯಾವುದೆಂದು ಬೇರೆ ಹೇಳಬೇಕೆ?