ಸರ್ಪಸುತ್ತು ಮತ್ತು ಮೊದಲ ಮೂರು ದಿನ

‘ಸರ್ಪಸುತ್ತಿಗೆ ಇಂಗ್ಲಿಷ್ ಮದ್ದಿಲ್ಲ’ ಎಂಬ ಮಾತನ್ನು ಒಮ್ಮೆಯೂ ಕೇಳದ ಕನ್ನಡಿಗರು ಕಡಿಮೆ. ಕಾಮಾಲೆಯನ್ನೂ ಜೊತೆಗೆ ಸೇರಿಸಿ, ಇವೆರಡಕ್ಕೆ ನಾಟಿ ಪಂಡಿತರೇ ಆಗಬೇಕು ಎನ್ನುತ್ತಾರೆ. ಹಳ್ಳಿಯ ಜಗಲಿಯಲ್ಲಿ ಮಾತ್ರವಲ್ಲ, ಓದಿದವರ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಈ ಮಾತು ಅಷ್ಟೇ ನಿಶ್ಚಯದಿಂದ ಓಡಾಡುತ್ತದೆ. ಇವತ್ತಿಗೆ ಇದು ಸುಳ್ಳು. ಕೆಲವರ ಪಾಲಿಗೆ ಕಣ್ಣನ್ನೇ ಕಳೆಯಬಲ್ಲ ಸುಳ್ಳು. ಗರಿಕೆ, ಅರಿಶಿನ, ಕೆಮ್ಮಣ್ಣುಗಳ ಮೇಲೆ ನನಗೆ ಹಗೆಯಿಲ್ಲ. ಅವುಗಳಿಗಾಗಿ ಕಾಯುತ್ತ ಕಳೆದುಹೋಗುವ ಮೊದಲ ಮೂರು ದಿನಗಳ ಬಗ್ಗೆ ಮಾತ್ರ ನನ್ನ ತಕರಾರು.

ಈ ಮಾತು ಹುಟ್ಟಿದ ಕಾಲಕ್ಕೆ ಅದು ನಿಜವೇ ಆಗಿತ್ತು ಎಂಬುದನ್ನು ಮೊದಲು ಒಪ್ಪಬೇಕು. ಐವತ್ತು ವರ್ಷಗಳ ಹಿಂದೆ ಸರ್ಪಸುತ್ತಿನ ಗುಳ್ಳೆ ಹೊತ್ತು ಆಸ್ಪತ್ರೆಗೆ ಹೋದವರಿಗೆ ವೈದ್ಯರು ಕೊಡುತ್ತಿದ್ದುದು ಕ್ಯಾಲಮೈನ್ ಲೋಷನ್ ಮತ್ತು ನೋವಿನ ಮಾತ್ರೆ. ಪಂಡಿತರ ಲೇಪಕ್ಕಿಂತ ಅದು ಹೆಚ್ಚಿನದೇನೂ ಅಲ್ಲ. ಸರ್ಪಸುತ್ತಿನ ವೈರಾಣುವನ್ನು ತಡೆಯುವ ಏಸೈಕ್ಲೋವಿರ್ ಎಂಬ ಔಷಧಿ ಬಳಕೆಗೆ ಬಂದದ್ದು 1980ರ ದಶಕದಲ್ಲಿ. ಆ ಸಂಶೋಧನೆಗೆ ನೇತೃತ್ವ ಕೊಟ್ಟವರಲ್ಲಿ ಪ್ರಮುಖರಾದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಅಜ್ಜಿ ಹೇಳಿದ್ದು ಸರಿಯಾಗಿತ್ತು. ಅದನ್ನು ಇವತ್ತೂ ಹಾಗೆಯೇ ಹೇಳುವ ಮೊಮ್ಮಗ ತಪ್ಪು.

ಕಾಯಿಲೆಯ ಮೂಲ ಹಾವಿನ ಶಾಪವೂ ಅಲ್ಲ, ಉಷ್ಣವೂ ಅಲ್ಲ. ಚಿಕ್ಕಂದಿನಲ್ಲಿ ‘ಅಮ್ಮ’ ಎಂದು ಬಂದು ಹೋದ ಸೀತಾಳೆ ಸಿಡುಬಿನ ವೈರಾಣು ಮೈ ಬಿಟ್ಟು ಹೋಗಿರುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಅಡಗಿದ್ದು, ವಯಸ್ಸಾದಾಗ ಅಥವಾ ದೇಹದ ಶಕ್ತಿ ಕುಂದಿದಾಗ ಒಂದು ನರದ ಗುಂಟ ಹೊರಬರುತ್ತದೆ. ಈ ತಿಳಿವಳಿಕೆ ಗಟ್ಟಿಯಾದ ಬಗೆ ನನಗೆ ಬಹಳ ಪ್ರಿಯವಾದ ಕಥೆ, ಏಕೆಂದರೆ ಅದರಲ್ಲಿ ದೊಡ್ಡ ಪ್ರಯೋಗಾಲಯವಿಲ್ಲ. ಎಡ್ಗರ್ ಹೋಪ್-ಸಿಂಪ್ಸನ್ ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನ ಸಾಮಾನ್ಯ ವೈದ್ಯರು, ಮನೆಮನೆಗೆ ಹೋಗಿ ಜ್ವರ ನೋಡುತ್ತಿದ್ದವರು. ತಮ್ಮ ಬಳಿಗೆ ಬರುವ ಸುಮಾರು ಮೂರೂವರೆ ಸಾವಿರ ಜನರಲ್ಲಿ ಯಾರಿಗೆ ಯಾವಾಗ ಸರ್ಪಸುತ್ತು ಬಂತು ಎಂದು 16 ವರ್ಷ ಬರೆದಿಟ್ಟರು. ಅಷ್ಟಕ್ಕೇ ತೃಪ್ತರಾಗದೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲೊಂದಾದ ಯೆಲ್‌ಗೂ ಹೋದರು. ಹೊರಗಿನ ಸೋಂಕು ಸುಲಭವಾಗಿ ತಲುಪದ ಅಂಥ ಜಾಗದಲ್ಲಿ ಯಾರ ಕಾಯಿಲೆ ಎಲ್ಲಿಂದ ಬಂತೆಂದು ಜಾಡು ಹಿಡಿಯಬಹುದು. ಸರ್ಪಸುತ್ತು ಹೊರಗಿನಿಂದ ಬರುವುದಲ್ಲ, ಒಳಗೇ ಮಲಗಿದ್ದು ಏಳುವುದು ಎಂದು ಅವರು 1965ರಲ್ಲಿ ಪ್ರಕಟಿಸಿದರು. ವಂಶವಾಹಿ ಪರೀಕ್ಷೆಗಳು ಅದನ್ನು ದೃಢಪಡಿಸಿದ್ದು ಎಷ್ಟೋ ವರ್ಷಗಳ ನಂತರ. ಒಬ್ಬ ಊರವೈದ್ಯ ತಾಳ್ಮೆಯಿಂದ ಲೆಕ್ಕ ಇಟ್ಟರೆ ಎಷ್ಟು ದೂರ ಹೋಗಬಹುದು! ಗುಣವಾಗದವರ ಲೆಕ್ಕವನ್ನೂ ಇಡುವ ಈ ಅಭ್ಯಾಸವೊಂದು ನಮ್ಮ ನಾಟಿ ಪರಂಪರೆಗೆ ಒಗ್ಗಿದ್ದರೆ ಇವತ್ತಿನ ಅರ್ಧ ಜಗಳ ಇರುತ್ತಿರಲಿಲ್ಲ.

ಸರ್ಪಸುತ್ತಿನ ಗುಳ್ಳೆ ಮದ್ದು ಹಾಕಿದರೂ ಹಾಕದಿದ್ದರೂ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಒಣಗಿ ಉದುರುತ್ತದೆ. ಹಾಗಾಗಿ ಕೊನೆಯಲ್ಲಿ ಯಾರ ಲೇಪ ಇತ್ತೋ ಹೆಸರು ಅವರಿಗೇ. ‘ನಮ್ಮ ಮಾವನಿಗೆ ಗುಣವಾಯಿತಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಮಾವನಿಗೆ ಗುಣವಾದದ್ದು ನಿಜ. ಆದರೆ ಲೇಪದಿಂದಲೇ ಗುಣವಾಯಿತು ಎನ್ನುವುದಕ್ಕೆ ಆ ಅನುಭವ ಸಾಕ್ಷಿಯಾಗುವುದಿಲ್ಲ. ಹಾವಿನ ತಲೆಯೂ ಬಾಲವೂ ಕೂಡಿದರೆ ಸಾವು ಎಂಬ ನಂಬಿಕೆಯೂ ಹೀಗೆಯೇ ಬದುಕಿದೆ. ಒಂದು ಪಕ್ಕದ ನರ ಆ ಪಕ್ಕದ ಚರ್ಮಕ್ಕಷ್ಟೇ ಹೋಗುವುದರಿಂದ ಗುಳ್ಳೆಗಳು ಮೈಯ ನಡುಗೆರೆಯ ಹತ್ತಿರ ನಿಲ್ಲುತ್ತವೆ. ಹಾವು ಸುತ್ತದಂತೆ ಕೆಮ್ಮಣ್ಣಿನ ಗೆರೆ ಎಳೆದವರ ಮಾತು ಹೆಚ್ಚುಕಡಿಮೆ ಪ್ರತಿಸಲವೂ ನಿಜವಾಗುತ್ತದೆ. ಎರಡೂ ಪಕ್ಕಕ್ಕೆ ಹಬ್ಬುವುದು ತೀರಾ ಅಪರೂಪ. ಅದು ಹೆಚ್ಚಾಗಿ ರೋಗನಿರೋಧಕ ಶಕ್ತಿ ಬಹಳ ಕುಸಿದವರಲ್ಲೇ ಕಾಣುವುದರಿಂದ, ಹಳಬರ ಭಯಕ್ಕೆ ಒಂದು ಆಧಾರ ಇದ್ದಿರಲೂಬಹುದು.

ಹಾಗಾದರೆ ಗಿಡಮೂಲಿಕೆಗೆ ಜಾಗವೇ ಇಲ್ಲವೇ? ಖಂಡಿತ ಇದೆ. ಅತಿಮಧುರದ ಬೇರಿನಲ್ಲಿರುವ ಒಂದು ಅಂಶ ಸರ್ಪಸುತ್ತಿನ ವೈರಾಣುವೂ ಸೇರುವ ಹರ್ಪಿಸ್ ಜಾತಿಯ ಒಂದು ವೈರಾಣುವನ್ನು ತಡೆಯುತ್ತದೆಂದು 1979ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬಂದಿದೆ. ಅದು ಗಾಜಿನ ಬಟ್ಟಲಿನ ಜೀವಕೋಶಗಳಲ್ಲಿ ಕಂಡದ್ದು. ಬೇರನ್ನು ತೇಯ್ದು ಹಚ್ಚಿದರೆ ನರಗಂಟಿನೊಳಗೂ ಅದೇ ಆಗುತ್ತದೆ ಎನ್ನಲು ಬೇರೆ ಪುರಾವೆ ಬೇಕು. ಮೆಣಸಿನಕಾಯಿಯ ಕಥೆ ಮುಂದೆ ಹೋಗಿದೆ: ಅದರ ಖಾರದ ಸತ್ವವಾದ ಕ್ಯಾಪ್ಸೇಸಿನ್‌ನ ಪಟ್ಟಿಯನ್ನು ಗುಳ್ಳೆ ಮಾಯ್ದ ಮೇಲೂ ಉಳಿಯುವ ನರದ ಉರಿಗೆ ಬಳಸಲು ಅಮೆರಿಕ 2009ರಲ್ಲಿ ಒಪ್ಪಿಗೆ ಕೊಟ್ಟಿತು. ಏಸೈಕ್ಲೋವಿರ್‌ಗಿಂತ ಮೊದಲು ಹರ್ಪಿಸ್‌ಗೆ ಬಳಸುತ್ತಿದ್ದ ವಿಡಾರಬಿನ್ ಎಂಬ ಔಷಧಿಗೆ ಸುಳಿವು ಸಿಕ್ಕಿದ್ದು ಕೆರಿಬಿಯನ್ ಕಡಲಿನ ಒಂದು ಸ್ಪಂಜಿನಲ್ಲಿ. ಪ್ರಕೃತಿಯದ್ದು ಒಂದು ಕಡೆ, ಕಾರ್ಖಾನೆಯದ್ದು ಇನ್ನೊಂದು ಕಡೆ ಎಂದು ಗೋಡೆ ಕಟ್ಟುವವರು ಎರಡನ್ನೂ ನೋಡಿಲ್ಲ. ‘ಸೊಪ್ಪುಸದೆಯಿಂದ ಅಡ್ಡಪರಿಣಾಮವಿಲ್ಲ’ ಎನ್ನುವವರು ಚಿತ್ರಮೂಲದ ಬೇರನ್ನೋ ಕರಿಗೇರಿನ ರಸವನ್ನೋ ಚರ್ಮಕ್ಕೆ ತಾಗಿಸಿಕೊಂಡವರ ಬೊಬ್ಬೆಗಳನ್ನು ಒಮ್ಮೆ ನೋಡಬೇಕು.

ಇಷ್ಟೆಲ್ಲ ಹೇಳಿ ಏಸೈಕ್ಲೋವಿರ್ ಸಂಜೀವಿನಿ ಎಂದರೆ ನಾನೂ ಅದೇ ತಪ್ಪು ಮಾಡಿದಂತೆ. ಗುಳ್ಳೆ ಕಂಡ 72 ಗಂಟೆಯೊಳಗೆ ಶುರುಮಾಡಿದರೆ ಅದು ಹೊಸ ಗುಳ್ಳೆಗಳನ್ನು ತಡೆಯುತ್ತದೆ, ಆಗಿನ ನೋವನ್ನು ಬೇಗ ತಗ್ಗಿಸುತ್ತದೆ. ಆದರೆ ವಯಸ್ಸಾದವರನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಂಡುವ ನರದ ನೋವನ್ನು ಅದು ತಪ್ಪಿಸಿಯೇ ತೀರುತ್ತದೆ ಎನ್ನಲಾಗದು. ದಿನಕ್ಕೆ ಐದು ಸಲದಂತೆ ಏಳು ದಿನ ಮಾತ್ರೆ ನುಂಗುವುದೂ ಸುಲಭವಲ್ಲ. ಐವತ್ತು ದಾಟಿದವರಿಗೆ ಒಳ್ಳೆಯ ಲಸಿಕೆ ಬಂದಿದೆ. ಅದರ ಬೆಲೆ ಕೂಲಿ ಮಾಡುವ ಮನೆಗಳಿಗೆ ಎಟುಕುವುದಿಲ್ಲ.

ವಾದದಲ್ಲಿ ಬಿಟ್ಟುಕೊಡಲು ನಾನು ಸಿದ್ಧನಿಲ್ಲದ ಜಾಗ ಒಂದೇ, ಮುಖ. ಹಣೆ, ರೆಪ್ಪೆ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ತಾಗುವ ಸಂಭವ ಹೆಚ್ಚು, ಏಕೆಂದರೆ ಮೂಗಿನ ತುದಿಗೂ ಕಣ್ಣಿಗೂ ಹೋಗುವುದು ಒಂದೇ ನರದ ಕವಲುಗಳು. ಚಿಕಿತ್ಸೆ ಸಿಗದಿದ್ದರೆ ಹಣೆಯ ಸರ್ಪಸುತ್ತು ಬಂದವರಲ್ಲಿ ಸುಮಾರು ಅರ್ಧದಷ್ಟು ಜನರ ಕಣ್ಣಿಗೆ ತೊಂದರೆಯಾಗುತ್ತದೆ. ಅಲ್ಲಿ ‘ಒಂದು ವಾರ ಲೇಪ ಹಾಕಿ ನೋಡೋಣ’ ಎನ್ನುವುದು ಕ್ರೌರ್ಯ.

ಆದರೂ ಪಂಡಿತರನ್ನು ಬೈದು ಪ್ರಯೋಜನವಿಲ್ಲ. ಜನ ಅವರ ಹತ್ತಿರ ಹೋಗುವುದಕ್ಕೆ ಕಾರಣಗಳಿವೆ: ಅವರು ಹತ್ತಿರದಲ್ಲಿದ್ದಾರೆ, ದುಡ್ಡಿಗೆ ಪೀಡಿಸುವುದಿಲ್ಲ, ಉರಿಯುವ ಮೈಯನ್ನು ಮುಟ್ಟಲು ಅಸಹ್ಯಪಡುವುದಿಲ್ಲ, ಕೂತು ಮಾತು ಕೇಳುತ್ತಾರೆ. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ ಹೊರರೋಗಿ ವಿಭಾಗ ಇದಕ್ಕೆ ಉತ್ತರ ಕೊಡಬೇಕಿದೆ. ಗುಳ್ಳೆ ಎದ್ದ ಮೊದಲ ದಿನವೇ ರೋಗಿಯನ್ನು ಕಾಣುವವರು ಕೂಡ ಈ ಪಂಡಿತರೇ. ವೈದ್ಯರ ಕಣ್ಣಿಗೆ ರೋಗಿ ಬೀಳುವುದು ಆರನೆಯ ದಿನವೋ ಹತ್ತನೆಯ ದಿನವೋ. ಆದ್ದರಿಂದ ಆರೋಗ್ಯ ಇಲಾಖೆ ಮೊದಲು ಮಾತಾಡಬೇಕಾದ್ದು ಇವರ ಜೊತೆ. ಹೇಳಬೇಕಾದ್ದು ಇಷ್ಟು: ಲೇಪ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಒಡೆದ ಗುಳ್ಳೆಯ ಮೇಲೆ ಮಣ್ಣು ಬೇಡ. ಮುಖದಲ್ಲಿದ್ದರೆ, ವಯಸ್ಸು ಐವತ್ತು ದಾಟಿದ್ದರೆ, ಸಕ್ಕರೆ ಕಾಯಿಲೆಯೋ ಕ್ಯಾನ್ಸರ್ ಚಿಕಿತ್ಸೆಯೋ ಇದ್ದರೆ, ಅದೇ ದಿನ ಆಸ್ಪತ್ರೆಗೆ ಕಳಿಸಿ. ‘ಇದಕ್ಕೆ ಮಾತ್ರೆ ಇದೆ, ಇವತ್ತೇ ಹೋಗಿ ತಗೊಳ್ಳಿ, ನನ್ನ ಸೊಪ್ಪು ಆಮೇಲೆ ಹಚ್ಚೋಣ’ ಎಂದು ಊರು ನಂಬುವ ಪಂಡಿತರೇ ಹೇಳಿದರೆ, ಆ ಮಾತನ್ನು ಮೀರುವವರು ಊರಲ್ಲಿ ಸಿಗುವುದು ಕಷ್ಟ.